ಪೆಲೆಟ್ ಒಳಗೆ ಕೂರುತ್ತಿಲ್ಲವೇ? ಒತ್ತಬೇಡಿ, ಮೊದಲು ನೋಡಿ

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ರೈಫಲ್ ಹಿಡಿದು ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯವರು. 2010ರ ವಿಶ್ವ ಚಾಂಪಿಯನ್ ತೇಜಸ್ವಿನಿ ಸಾವಂತ್ ಕೂಡ ಇದೇ ಜಿಲ್ಲೆಯವರು. ಗಡಹಿಂಗ್ಲಜ, ಕಾಗಲ್ ಕಡೆಯ ಕನ್ನಡದ ಮನೆಗಳ ಮಕ್ಕಳೂ ಏರ್ ರೈಫಲ್ ಬೇಕು ಎಂದು ಹಟ ಹಿಡಿದರೆ ತಪ್ಪೇನು ಅಲ್ವಾ?

ಕಲಿಯುವವರಿಗೆ ಮೊದಲು ಎದುರಾಗುವ ತಾಪತ್ರಯ ಒಂದೇ. ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು, ಬ್ಯಾರಲ್ಲಿನ ಹಿಂಬಾಯಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಬಂದೂಕು ಕೆಟ್ಟಿತು ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಹೆಚ್ಚಿನ ಸಲ ಕೆಟ್ಟಿರುವುದು ಪೆಲೆಟ್.

ಮೊದಲು ಕೈ ನಿಲ್ಲಿಸಿ. ಬ್ಯಾರಲ್ ಗುರಿಹಲಗೆಯ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಬ್ಯಾರಲ್ ಮಡಚುವ ಸ್ಪ್ರಿಂಗ್ ಬಂದೂಕಾದರೆ ಇನ್ನೊಂದು ಕೈಯಲ್ಲಿ ಬ್ಯಾರಲ್ಲನ್ನು ಬಿಗಿಯಾಗಿ ಹಿಡಿದೇ ಇರಿ. ಅದು ಜಾರಿ ಫಟ್ಟನೆ ಮುಚ್ಚಿಕೊಂಡರೆ ಹೆಬ್ಬೆರಳು ಉಳಿಯುವುದು ಕಷ್ಟ.

ಈಗ ಪೆಲೆಟ್ಟನ್ನು ಹೊರಗೆ ತೆಗೆದು ನೋಡಿ. ಚಪ್ಪಟೆ ತಲೆ ಮುಂದಕ್ಕೆ, ಟೊಳ್ಳು ಬಾಲ ಹಿಂದಕ್ಕೆ ಇರಬೇಕು. ಹೊಸಬರು ಇದನ್ನೇ ತಿರುಗಾಮುರುಗಾ ಹಾಕುತ್ತಾರೆ. ಬಾಲದ ಅಂಚು ತುಂಬಾ ತೆಳು, ಮೇಲಾಗಿ ಸೀಸ ಮೆತ್ತಗಿನ ಲೋಹ. ಡಬ್ಬಿ ಕೆಳಗೆ ಬಿದ್ದರೆ ಸಾಕು, ಅಂಚು ನಜ್ಜಾಗುತ್ತದೆ. ಅನುಮಾನ ಬಂದರೆ ಗಾಜಿನ ಮೇಲೆ ಉರುಳಿಸಿ. ಒಳ್ಳೆಯ ಪೆಲೆಟ್ ನುಣ್ಣಗೆ ಬಾಗಿದ ದಾರಿಯಲ್ಲಿ ಉರುಳುತ್ತದೆ. ನಜ್ಜಾದದ್ದು ಕುಂಟುತ್ತದೆ. ಕುಂಟಿದ್ದನ್ನು ಎಸೆದುಬಿಡಿ, ಉಗುರಿನಿಂದ ಸರಿಮಾಡಲು ಹೋಗಬೇಡಿ.

ಡಬ್ಬಿಯ ಮೇಲಿನ ಅಂಕಿಯನ್ನೂ ಓದಿ. 10 ಮೀಟರ್ ಸ್ಪರ್ಧೆಯ ರೈಫಲ್‌ಗೆ ಬೇಕಾದ್ದು 4.5 ಮಿ.ಮೀ. ಪೆಲೆಟ್. 5.5 ಅಂದರೆ ಬೇರೆಯೇ ಬಂದೂಕಿನದು, ಇದರಲ್ಲಿ ಹೋಗುವುದೇ ಇಲ್ಲ. 4.5ರಲ್ಲೂ ತಲೆಯ ಅಳತೆ 4.49, 4.50, 4.51 ಎಂದು ಬೇರೆ ಬೇರೆ ಸಿಗುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ, ಆದರೂ ಒಂದು ಬ್ಯಾರಲ್‌ಗೆ ಒಗ್ಗಿದ್ದು ಇನ್ನೊಂದಕ್ಕೆ ಬಿಗಿಯಾಗಬಹುದು. ಎರಡು ಡಬ್ಬಿಗಳ ಪೆಲೆಟ್ ಬೆರೆಸಲೇಬೇಡಿ.

ದುಡ್ಡು ಉಳಿಸಲು ಸೀಸ ಕರಗಿಸಿ ಮನೆಯಲ್ಲೇ ಎರಕ ಹೊಯ್ಯುವ ಯೋಚನೆ ಕೆಲವರಿಗೆ ಬರುತ್ತದೆ. ಸೀಸ 327 ಡಿಗ್ರಿಗೇ ಕರಗುತ್ತದೆ, ನಿಜ. ಆದರೆ ಅಷ್ಟು ತೆಳು ಬಾಲ, ಅಷ್ಟು ನಿಖರ ತಲೆ ಮನೆಯ ಅಚ್ಚಿನಲ್ಲಿ ಬರುವುದಿಲ್ಲ. ಜೊತೆಗೆ ಅದರ ಹೊಗೆ, ಪುಡಿ ಎರಡೂ ವಿಷ. ಇನ್ನು ತೋಟಾ ಬಂದೂಕಿನ ಗುಂಡಿನ ಮಾತೇ ಬೇರೆ: 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಹೊಸ ಡಬ್ಬಿಯ ಪೆಲೆಟ್ ಕೂಡ ಕೂರದಿದ್ದರೆ ಬಂದೂಕನ್ನು ನೋಡೋಣ. ಟಾರ್ಚ್ ಹಾಕಿ ಹಿಂಬಾಯಿ ಪರೀಕ್ಷಿಸಿ. ಅಂಚಿನಲ್ಲಿ ಸೀಸದ ಸಿಪ್ಪೆ ಅಂಟಿರಬಹುದು, ಹಳೆಯ ಪೆಲೆಟ್ಟೇ ಒಳಗೆ ಉಳಿದಿರಬಹುದು. ಸಿಪ್ಪೆಯಾದರೆ ಶುಚಿ ಮಾಡುವ ದಾರಕ್ಕೆ ಬಟ್ಟೆ ಸಿಕ್ಕಿಸಿ ಹಿಂದಿನಿಂದ ಮುಂದಕ್ಕೆ ಎಳೆಯಿರಿ. ಉಕ್ಕಿನ ಬ್ರಷ್ ಬೇಡ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆಯೂ ಬೇಡ. ಸ್ಪ್ರಿಂಗ್ ಬಂದೂಕಿನಲ್ಲಿ ಗಾಳಿ ಒಮ್ಮೆಲೇ ಒತ್ತಿಕೊಂಡು ಕಾಯುತ್ತದೆ. ಅಲ್ಲಿ ಎಣ್ಣೆಯಿದ್ದರೆ ಹೊತ್ತಿಕೊಂಡು ಢಂ ಎನ್ನುತ್ತದೆ, ಒಳಗಿನ ಸೀಲ್ ಹಾಳಾಗುತ್ತದೆ.

ಪೆಲೆಟ್ ಸಿಕ್ಕಿಕೊಂಡಿದ್ದರೆ ಅದರ ಹಿಂದೆ ಇನ್ನೊಂದು ತುಂಬಿ ಹಾರಿಸುವ ಸಾಹಸ ಬೇಡ. ಎರಡೂ ಸಿಕ್ಕಿಕೊಳ್ಳುತ್ತವೆ. ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿರಬಾರದು. ಗಾಳಿ ಸಿಲಿಂಡರ್ ಇರುವ ರೈಫಲ್ ಆದರೆ ಸಿಲಿಂಡರ್ ಬಿಚ್ಚಿಡಿ. ಆಮೇಲೆ ಅಳತೆಗೆ ಸರಿಯಾದ ಹಿತ್ತಾಳೆ ಸರಳಿನಿಂದ ಬ್ಯಾರಲ್ಲಿನ ಮುಂದಿನ ಬಾಯಿಯ ಕಡೆಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿ. ಆ ಬಾಯಿಯ ಅಂಚಿಗೆ ಗೀರು ಬೀಳದಂತೆ ಎಚ್ಚರ, ಗುರಿ ಕೆಡುವುದು ಅಲ್ಲಿಂದಲೇ. ಅಲುಗದಿದ್ದರೆ ಸುತ್ತಿಗೆ ಹುಡುಕಬೇಡಿ, ಕೋಚ್‌ಗೆ ತೋರಿಸಿ.

ಈ ನಡುವೆ ಪೆಲೆಟ್ಟುಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಚಾಳಿ ಮಕ್ಕಳಿಗಿದ್ದರೆ ಬಿಡಿಸಿ. ಕೈ ತೊಳೆದ ಮೇಲೆಯೇ ತಿಂಡಿ.

ರಿಪೇರಿಗೆ ಕೊಡುವಾಗ ಪೆಲೆಟ್ ಡಬ್ಬಿಯನ್ನೂ ಒಯ್ಯಿರಿ. ಯಾವ ಪೆಲೆಟ್ ಕೂರಲಿಲ್ಲ ಎಂದು ಗೊತ್ತಾಗದೆ ಮೆಕ್ಯಾನಿಕ್ ಸುಮ್ನೆ ಬಂದೂಕನ್ನೆಲ್ಲ ಬಿಚ್ಚುತ್ತಾನೆ.