ಭತ್ತ, ಹತ್ತಿ, ಕೂಲಿ, ಗುಳೆ

ನಮ್ಮ ಶಾಲೆಯ ಫೀಸ್ ಪುಸ್ತಕ ಕೆಂಪು ರಟ್ಟಿನದು, ಉದ್ದನೆಯ ಲೆಡ್ಜರ್. ಬೇರೆ ಶಾಲೆಗಳಲ್ಲಿ ಇಂಥ ಪುಸ್ತಕ ತೆರೆದರೆ ಜೂನ್, ಜುಲೈ, ಆಗಸ್ಟ್ ಅಂತ ಕಾಲಂ ಇರುತ್ತವೆ. ನಮ್ಮದರಲ್ಲಿ ನಾಲ್ಕೇ ಕಾಲಂ: ಭತ್ತ, ಹತ್ತಿ, ಕೂಲಿ, ಗುಳೆ. ಮೊದಲ ಸಲ ನೋಡಿದ ಆಡಿಟರ್ ನಕ್ಕುಬಿಟ್ಟರು. "ಏನ್ರಿ ಮೇಡಂ, ಇದು ಶಾಲಿ ಲೆಕ್ಕನೋ ಎಪಿಎಂಸಿ ಲೆಕ್ಕನೋ?" ಅಂದರು. ಎರಡೂ ಒಂದೇ ಸರ್ ಅಂದೆ. ಅವರು ತಮಾಷೆ ಅಂದುಕೊಂಡರು.

ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನ ಒಂದು ಮಿಷನ್ ಶಾಲೆಯಲ್ಲಿ ನಾನು ಹೆಡ್ ಮಿಸ್ಸು. 2011ರ ಜೂನ್‌ನಲ್ಲಿ ಬಂದಾಗ ಎರಡು ಕೋಣೆ, ಒಂದು ತಗಡಿನ ಶೆಡ್ಡು, 38 ಮಕ್ಕಳು. ಈಗ ಎಲ್‌ಕೆಜಿಯಿಂದ ಏಳನೇ ತರಗತಿವರೆಗೆ 312 ಮಕ್ಕಳಿದ್ದಾರೆ. ಶಾಲೆ ಹೇಗೆ ಬೆಳೆಸಿದ್ರಿ ಅಂತ ಬೇರೆ ಊರಿನ ಮಿಷನ್ನಿನವರು ಆಗಾಗ ಕೇಳುತ್ತಾರೆ. ಪ್ರಾರ್ಥನೆ ಬಗ್ಗೆ, ಇಲ್ಲಾ ಇಂಗ್ಲಿಷ್ ಮೀಡಿಯಂ ಬಗ್ಗೆ ಏನೋ ಹೇಳುತ್ತೇನೆ ಅಂತ ಕಾಯುತ್ತಿರುತ್ತಾರೆ. ನಾನು ಈ ಪುಸ್ತಕ ತಂದು ಮುಂದಿಡುತ್ತೇನೆ.

ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ ನಮ್ಮದು. ಗಂಗಾವತಿ, ಸಿಂಧನೂರು ದಾಟಿ ಬರುವಷ್ಟರಲ್ಲಿ ನೀರು ಸಣಕಲಾಗಿರುತ್ತದೆ. ಕಾಲುವೆ ಪಕ್ಕದ ಕ್ಯಾಂಪುಗಳಲ್ಲಿ ಭತ್ತ ಬೆಳೆಯುತ್ತಾರೆ. ಡ್ಯಾಂ ಆದಮೇಲೆ ಆಂಧ್ರದ ಕರಾವಳಿ ಕಡೆಯಿಂದ ಬಂದು ನೆಲ ಕೊಂಡವರ ಊರುಗಳು ಅವು, ಮನೆಮಾತು ತೆಲುಗು. ಎರಡು ಕಿಲೋಮೀಟರ್ ಈಚೆ ಬಂದರೆ ನೀರಿಲ್ಲ. ಎರೆ ಹೊಲ, ಹತ್ತಿ, ತೊಗರಿ, ಜೋಳ. ಅದರಾಚೆ ತಾಂಡಾ. ಅಲ್ಲಿ ಹೊಲವೂ ಕಡಿಮೆ. ಸುಗ್ಗಿ ಮುಗಿದರೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಗೋವಾ ಅಂತ ಗುಳೆ ಹೊರಡುತ್ತಾರೆ. ಒಂದೇ ಬೆಂಚಿನಲ್ಲಿ ಕೂತ ನಾಲ್ಕು ಮಕ್ಕಳ ಮನೆಗೆ ದುಡ್ಡು ಬರುವ ಕಾಲ ಬೇರೆ ಬೇರೆ.

ಮೊದಲು ನಮ್ಮದು ಪುಕ್ಕಟೆ ಶಾಲೆ. ಮಿಷನ್ ಅಂದರೆ ಪುಕ್ಕಟೆ ಅನ್ನೋದು ಜನರ ತಲೆಯಲ್ಲೂ ಇತ್ತು, ನನ್ನ ತಲೆಯಲ್ಲೂ ಇತ್ತು. ನಮ್ಮಜ್ಜಿ ಬಳ್ಳಾರಿಯ ಮಿಷನ್ ಕಾಂಪೌಂಡಿನಲ್ಲಿ ಅಕ್ಷರ ಕಲಿತವರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತು ಶಾಲೆ ತೆರೆದದ್ದು, ಅದೇ ಮಿಷನ್ನಿನ ವಿಲಿಯಂ ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದದ್ದು, ಇವೆಲ್ಲ ನಮ್ಮ ಮನೆಯಲ್ಲಿ ಹಬ್ಬದ ದಿನ ಹೇಳುವ ಕಥೆಗಳು. ಆ ಕಥೆಗಳಲ್ಲಿ ಸ್ಲೇಟು-ಬಳಪ ಯಾರ ದುಡ್ಡಿನದು ಅಂತ ಯಾರೂ ಕೇಳುತ್ತಿರಲಿಲ್ಲ. ನಮ್ಮ ಶಾಲೆಗೂ ಸಂಬಳದ ದುಡ್ಡು ಪಟ್ಟಣದ ಒಂದು ದೊಡ್ಡ ಸಂಸ್ಥೆಯಿಂದ ಬರುತ್ತಿತ್ತು. ಆ ಸಂಸ್ಥೆಗೆ ಹೊರದೇಶದಿಂದ.

2020ರಲ್ಲಿ ಎರಡೂ ಕಡೆಯಿಂದ ಪೆಟ್ಟು ಬಿತ್ತು. ಮಾರ್ಚ್‌ನಲ್ಲಿ ಕೊರೋನಾ ಬಂದು ಶಾಲೆ ಬಂದ್ ಆಯಿತು. ಸೆಪ್ಟೆಂಬರ್‌ನಲ್ಲಿ ಎಫ್‌ಸಿಆರ್‌ಎಗೆ, ಅಂದರೆ ವಿದೇಶಿ ದೇಣಿಗೆಯ ಕಾಯ್ದೆಗೆ, ತಿದ್ದುಪಡಿ ಬಂತು. ವಿದೇಶಿ ದೇಣಿಗೆ ತೆಗೆದುಕೊಂಡ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ ಅಂತಾಯಿತು. "ಇನ್ನ ನಮ್ಮ ಕೈಯಾಗ ಏನೂ ಇಲ್ರಿ ಮೇಡಂ" ಅಂತ ಅಲ್ಲಿಂದ ಫೋನ್ ಬಂತು. ತಪ್ಪು ಅವರದಲ್ಲ. ನಮ್ಮ ಖಾತೆಯಲ್ಲಿ ಎರಡು ತಿಂಗಳ ಸಂಬಳಕ್ಕೆ ಆಗುವಷ್ಟು ಇತ್ತು. ಆ ವರ್ಷ ನಮ್ಮ ಇಬ್ಬರು ಟೀಚರುಗಳು ಕ್ಯಾಂಪಿನ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋದರು. ನಾನು ಅವರನ್ನು ದಾರಿಯಲ್ಲಿ ನೋಡಿ, ನೋಡದ ಹಾಗೆ ಹೋಗಿಬಿಟ್ಟೆ. ಅದು ಇವತ್ತಿಗೂ ಚುಚ್ಚುತ್ತದೆ.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿಗೆ ಬಡ ಮಕ್ಕಳನ್ನು ತಗೊಳ್ಳಿ, ಅವರ ಫೀಸಿಗೆ ಸರ್ಕಾರ ದುಡ್ಡು ಕೊಡುತ್ತೆ ಅಂತ ಕೆಲವರು ಸಲಹೆ ಕೊಟ್ಟರು. 2019ರಿಂದ ಕರ್ನಾಟಕದಲ್ಲಿ ನಿಯಮ ಬದಲಾಗಿದೆ. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಸೀಟು ಸಿಗುವುದಿಲ್ಲ. ನಮ್ಮೂರಲ್ಲಿ ಸರ್ಕಾರಿ ಶಾಲೆ ಇದೆ. ಒಳ್ಳೆಯ ಮೇಷ್ಟ್ರೂ ಇದ್ದಾರೆ. ಆ ಬಾಗಿಲು ಮುಚ್ಚಿತು.

2021ರ ದಸರಾ ಮುಗಿದು ಒಂದರಿಂದ ಐದನೇ ತರಗತಿ ಮತ್ತೆ ಶುರುವಾದಾಗ ಪಾಲಕರನ್ನು ಬೇವಿನ ಮರದ ಕೆಳಗೆ ಕೂಡಿಸಿದೆ. ಫೀಸ್ ಹಚ್ಚಬೇಕಾಗುತ್ತದೆ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬರು ಎದ್ದರು. "ನಿಮಗ ಫಾರಿನ್ ದುಡ್ಡು ಬರ್ತಾವಲ್ರಿ ಮೇಡಂ, ಮತ್ತ ನಮ್ಮ ಕಡೆ ಯಾಕ ಕೇಳ್ತೀರಿ?" ಕೇಳಿದ್ದು ಸರಿ ಅಲ್ವಾ? ಇಷ್ಟು ವರ್ಷ ನಾವೇ ಹಾಗೆ ನಡೆದುಕೊಂಡಿದ್ದೆವು. ವಾದ ಮಾಡಲಿಲ್ಲ. ಬ್ಯಾಂಕಿನ ಪಾಸ್‌ಬುಕ್ ತೆಗೆದು ಅವರ ಕೈಗೇ ಕೊಟ್ಟೆ. ಅದು ಒಬ್ಬರಿಂದೊಬ್ಬರಿಗೆ ದಾಟಿ ಇಡೀ ಸಭೆ ಸುತ್ತಿ ಬಂತು. ಓದಲು ಬಾರದವರೂ ಪುಟ ತಿರುವಿ ನೋಡಿದರು. ನನ್ನ ಸಂಬಳ ಎಷ್ಟು ಅಂತ ಒಬ್ಬ ಅಜ್ಜಿ ಕೇಳಿದರು. ಹೇಳಿದೆ. "ಅಯ್ಯ, ನಮ್ಮ ಟ್ರ್ಯಾಕ್ಟರ್ ಡ್ರೈವರ್‌ಗೆ ಜಾಸ್ತಿ ಐತಿ ಬಿಡು" ಅಂದರು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಫೀಸ್ ಪಾಸಾಯಿತು ಅಂತಲೇ ನನ್ನ ಲೆಕ್ಕ.

ಒಂದು ಮಗುವಿಗೆ ವರ್ಷಕ್ಕೆ 6,000 ರೂಪಾಯಿ ಖರ್ಚು ಬರುತ್ತಿತ್ತು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬಿಡಿಸಿ ತೋರಿಸಿದೆ. ಪೂರ್ತಿ ಕೊಡಬಲ್ಲವರು ಪೂರ್ತಿ, ಇಲ್ಲದವರು ಆದಷ್ಟು. ಯಾವಾಗ ಕೊಡುತ್ತೀರಿ ಅನ್ನೋದನ್ನು ಅವರೇ ಹೇಳಬೇಕು. ಮೊದಲ ವರ್ಷ ನಾನು ತಿಂಗಳ ಕಂತು ಅಂತಲೇ ಹಾಕಿದ್ದೆ. ಮೂರು ತಿಂಗಳಲ್ಲಿ ಪುಸ್ತಕದ ತುಂಬ ಕೆಂಪು ಗೆರೆ. ಜನ ಕೊಡುವುದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೆ. ಒಂದು ದಿನ ಕ್ಯಾಂಪಿನ ರೈತರೊಬ್ಬರು ಇಡೀ ವರ್ಷದ ಫೀಸನ್ನು ಒಂದೇ ಸಲ ತಂದು ಟೇಬಲ್ ಮೇಲಿಟ್ಟರು. ಭತ್ತ ಮಾರಿದ ದಿನ ಅದು. ಅವತ್ತೇ ತಿಂಗಳುಗಳನ್ನು ಹೊಡೆದು ಹಾಕಿ ಬೆಳೆಗಳ ಹೆಸರು ಬರೆದೆ. ಭತ್ತದವರು ಡಿಸೆಂಬರ್ ಹೊತ್ತಿಗೆ. ಹತ್ತಿಯವರು ಹತ್ತಿ ಬಿಡಿಸಿ ಮಾರಿದ ಮೇಲೆ. ಕೂಲಿಯವರು ವಾರಕ್ಕಿಷ್ಟು, ಸಂತೆಯ ದಿನ. ಗುಳೆ ಹೋಗುವವರು ವಾಪಸ್ ಬಂದ ಮೇಲೆ.

ಗುಳೆ ಕಾಲಂ ಬಗ್ಗೆ ನಮ್ಮ ಕಮಿಟಿಯಲ್ಲಿ ಜಗಳವೇ ಆಯಿತು. ಊರು ಬಿಟ್ಟು ಹೋದವರು ವಾಪಸ್ ಬಂದು ಕೊಡುತ್ತಾರಾ ಅಂತ. ಕೊಡುತ್ತಾರೆ. ಯುಗಾದಿಗೋ ಊರ ಜಾತ್ರೆಗೋ ಬಂದೇ ಬರುತ್ತಾರೆ. ಕೊಡದೆ ಉಳಿದದ್ದು ಹೆಚ್ಚಾಗಿ ಕೈತುಂಬ ಇದ್ದ ಮನೆಗಳೇ, ಹೆಸರು ಬೇಡ. ಗುಳೆ ಹೋದವರ ನಿಜವಾದ ಸಮಸ್ಯೆ ದುಡ್ಡಲ್ಲ, ಮಗು. ಅಪ್ಪ-ಅಮ್ಮನ ಜೊತೆ ಮಗುವೂ ಹೋದರೆ ಅರ್ಧ ವರ್ಷದ ಪಾಠ ಹೋಯಿತು. ಹಾಗಾಗಿ ಮಗುವನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಹೋದರೆ ಆ ವರ್ಷ ಅರ್ಧ ಫೀಸ್ ಅಂತ ಮಾಡಿದೆವು. ಅಜ್ಜಿಯರು ಶಾಲೆಗೆ ಬಂದು ರುಜು ಬದಲು ಹೆಬ್ಬೆಟ್ಟು ಒತ್ತಿ ಹೋಗುತ್ತಾರೆ.

ಊಟದ್ದು ಬೇರೆ ತಲೆನೋವು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಇದೆ, ಮೊಟ್ಟೆ ಇದೆ. ನಮ್ಮಲ್ಲಿ ಅಷ್ಟು ಶಕ್ತಿ ಇಲ್ಲ. ಕೊನೆಗೆ "ರೊಟ್ಟಿ ನಿಮ್ಮದು, ಪಲ್ಯ ನಮ್ಮದು" ಅಂತ ಒಪ್ಪಂದವಾಯಿತು. ಮಕ್ಕಳು ಡಬ್ಬಿಯಲ್ಲಿ ಜೋಳದ ರೊಟ್ಟಿನೋ ಅನ್ನನೋ ತರುತ್ತಾರೆ, ನಾವು ಒಂದು ದೊಡ್ಡ ಪಾತ್ರೆಯಲ್ಲಿ ಬೇಳೆ-ಸೊಪ್ಪು ಬೇಯಿಸುತ್ತೇವೆ. ಡಬ್ಬಿ ಇಲ್ಲದೆ ಬಂದ ಮಗು ಯಾವುದು ಅಂತ ಯಾರಿಗೂ ಗೊತ್ತಾಗಬಾರದು. ಅದಕ್ಕೆ ರೊಟ್ಟಿಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ಹಂಚುತ್ತೇವೆ. ಮೊದಮೊದಲು ಕೆಲವು ಮನೆಯವರು ಮುಖ ಸಿಂಡರಿಸಿದರು. ಯಾಕೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇಬ್ಬರು ಮಕ್ಕಳನ್ನು ಬಿಡಿಸಿಕೊಂಡೂ ಹೋದರು. ಬುಟ್ಟಿ ಮಾತ್ರ ಬಿಡಲಿಲ್ಲ.

ಫೀಸ್ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದು ಚೀಟಿ. ಬಾಕಿ ಇದ್ದವರ ಮಕ್ಕಳ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದೆ. ಎಲ್ಲ ಶಾಲೆಯವರೂ ಮಾಡುತ್ತಾರೆ. ಮರುದಿನದಿಂದ ನಾಲ್ಕನೇ ತರಗತಿಯ ಒಬ್ಬ ಹುಡುಗಿ ಬರಲಿಲ್ಲ. ಹದಿನೈದು ದಿನ ಆದಮೇಲೆ ಮನೆ ಹುಡುಕಿಕೊಂಡು ಹೋದೆ. ಮನೆಯಲ್ಲಿ ಯಾರೂ ಇಲ್ಲ. ಹೊಲಕ್ಕೆ ಹೋದರೆ ತಾಯಿ-ಮಗಳು ಇಬ್ಬರೂ ಹತ್ತಿ ಬಿಡಿಸುತ್ತಿದ್ದರು. ಹುಡುಗಿ ಸೀರೆಯ ತುಂಡನ್ನು ಸೊಂಟಕ್ಕೆ ಜೋಳಿಗೆ ಕಟ್ಟಿಕೊಂಡಿದ್ದಳು. ಬೆರಳ ತುದಿಯಲ್ಲಿ ಹತ್ತಿಕಾಯಿಯ ಸಿಪ್ಪೆ ಗೀರಿದ ಗಾಯ. "ಬಾಕಿ ಇಟ್ಕೊಂಡು ನಿಮ್ಮ ಮುಂದ ಹೆಂಗ ಬರ್ಲಿ ಅಕ್ಕಾರ" ಅಂತ ತಾಯಿ ತಲೆ ತಗ್ಗಿಸಿದರು. ನಾನು ಕೇಳಿದ್ದು 400 ರೂಪಾಯಿ. ಅವತ್ತಿನಿಂದ ಮಕ್ಕಳ ಕೈಯಲ್ಲಿ ಚೀಟಿ ಹೋಗುವುದಿಲ್ಲ, ಕ್ಲಾಸಿನಲ್ಲಿ ಫೀಸಿನ ಮಾತು ಎತ್ತುವಂತಿಲ್ಲ. ಕೇಳಬೇಕಾದರೆ ನಾನೇ ಮನೆಗೆ ಹೋಗುತ್ತೇನೆ, ಸಂಜೆ ಹೊತ್ತು, ಟೀ ಕುಡಿದು. ಆ ತಾಯಿ ಸಂಕ್ರಾಂತಿ ಹೊತ್ತಿಗೆ ಸೆರಗಿನ ಗಂಟು ಬಿಚ್ಚಿ ನಾಲ್ಕು ನೂರರ ನೋಟು ಕೊಟ್ಟರು. ಒಣಮೆಣಸಿನಕಾಯಿಯ ಘಾಟು ನೋಟಿಗೂ ಹತ್ತಿತ್ತು.

ಇನ್ನೊಂದು ತಪ್ಪು ಹಳೆಯದು, 2017ರದು. ಪಾಲಕರು ಆರನೇ ತರಗತಿ ಬೇಕು ಅಂತ ಗಂಟುಬಿದ್ದರು. ಪರ್ಮಿಷನ್ ಬರುತ್ತೆ ಬಿಡು ಅಂತ ಸುಮ್ನೆ ಶುರು ಮಾಡಿಬಿಟ್ಟೆ. ಬರಲಿಲ್ಲ. ಕಟ್ಟಡದ ಸುರಕ್ಷತಾ ಪತ್ರ, ಅಗ್ನಿಶಾಮಕದವರ ಪತ್ರ, ಜಮೀನು ಎನ್‌ಎ (ಕೃಷಿಯೇತರ) ಆದ ದಾಖಲೆ, ಒಂದಿದ್ದರೆ ಒಂದಿಲ್ಲ. 13 ಮಕ್ಕಳ ಹೆಸರನ್ನು ಬೇರೆ ಶಾಲೆಯ ಹೆಸರಿನಲ್ಲಿ ಸ್ಯಾಟ್ಸ್‌ಗೆ, ಅಂದರೆ ಇಲಾಖೆಯ ಆನ್‌ಲೈನ್ ದಾಖಲೆಗೆ, ಹಾಕಿಸಬೇಕಾಯಿತು. ಪಾಠ ನಮ್ಮಲ್ಲಿ, ಟಿಸಿ ಅಲ್ಲಿಂದ. ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಇದು ಸಣ್ಣ ವಿಷಯ ಅಲ್ಲ. ಈ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯಲ್ಲಿ ಸಿಗುವ ಮೀಸಲಾತಿಗೆ ಮುಂದೆ ಎಲ್ಲಿ ಓದಿದ್ದು ಅನ್ನೋ ಪತ್ರ ಕೇಳುತ್ತಾರೆ. ಆ 13 ಜನ ಕಾಲಿಡದ ಶಾಲೆಯ ಸೀಲು ಹಿಡಿದು ಓಡಾಡಬೇಕು. ಅವರಲ್ಲಿ ಯಾರಾದರೂ ಸಿಕ್ಕಿದರೆ ಇವತ್ತಿಗೂ ನನಗೆ ಮುಜುಗರ. ಪೇಪರ್ ಕೈಗೆ ಬಾರದೆ ಒಂದು ತರಗತಿಯನ್ನೂ ಹೆಚ್ಚಿಸಬೇಡಿ, ಯಾರೇ ಒತ್ತಾಯ ಮಾಡಲಿ.

ಟೀಚರುಗಳನ್ನು ಉಳಿಸಿಕೊಳ್ಳುವುದು ನನಗೆ ಇನ್ನೂ ಬಂದಿಲ್ಲ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗೆ ಪರೀಕ್ಷೆ ನಡೆಯಿತಲ್ಲ, ನಮ್ಮ ಇಬ್ಬರು ಒಳ್ಳೆಯ ಟೀಚರುಗಳು ಪಾಸಾಗಿ ಹೋದರು. ಪೇಡೆ ಹಂಚಿ ಕಳಿಸಿಕೊಟ್ಟೆ, ಮನೆಗೆ ಬಂದು ಅತ್ತೆ. ಈಗ ಮಾಡುವುದು ಇಷ್ಟು: ಊರಿನ ಸೊಸೆಯಂದಿರನ್ನು, ಡಿಗ್ರಿ ಓದಿ ಮನೆಯಲ್ಲಿ ಕೂತವರನ್ನು ತೆಗೆದುಕೊಂಡು ಬಿ.ಎಡ್. ಫೀಸಿಗೆ ಕೈಗಡ ಕೊಡುತ್ತೇವೆ. ಏಪ್ರಿಲ್, ಮೇ ಸಂಬಳ ಹಿಡಿಯುವುದಿಲ್ಲ. ಅನೇಕ ಶಾಲೆಗಳಲ್ಲಿ ಹತ್ತೇ ತಿಂಗಳ ಸಂಬಳ. ನಾವು ಹನ್ನೆರಡು ಕೊಡುತ್ತೇವೆ ಅನ್ನೋ ಒಂದೇ ಕಾರಣಕ್ಕೆ ಉಳಿದವರಿದ್ದಾರೆ.

ಮತಾಂತರದ ಮಾತು ಬರದೆ ಇರುತ್ತದಾ? ಬಂತು. ಒಬ್ಬ ತಂದೆ ನೇರವಾಗಿ ಕೇಳಿದರು: "ನಮ್ಮ ಹುಡುಗಗ ಏನರ ಮಾಡ್ತೀರೇನ್ರಿ?" ಬೆನ್ನ ಹಿಂದೆ ಮಾತಾಡುವವರಿಗಿಂತ ಅವರೇ ವಾಸಿ ಅನ್ನಿಸಿತು. ಸಂವಿಧಾನದ 28ನೇ ವಿಧಿ ಇದೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪಾಠಕ್ಕೋ ಪ್ರಾರ್ಥನೆಗೋ ಕೂಡಿಸುವಂತಿಲ್ಲ. ಅದನ್ನೇ ಸರಳ ಕನ್ನಡದಲ್ಲಿ ಅಡ್ಮಿಷನ್ ಫಾರಂನಲ್ಲಿ ಅಚ್ಚು ಹಾಕಿಸಿದೆ. ಬೆಳಗಿನ ಪ್ರಾರ್ಥನೆಗೆ ನಿಮ್ಮ ಮಗು ನಿಲ್ಲಬಹುದಾ, ಹೌದು ಅಥವಾ ಇಲ್ಲ. ಬೈಬಲ್ ಪಾಠ ನಮ್ಮ ಚರ್ಚಿನ ಸಭೆಯ ಮಕ್ಕಳಿಗೆ ಮಾತ್ರ, ಭಾನುವಾರ, ಶಾಲೆಯ ಹೊರಗೆ. ಮೊದಲ ವರ್ಷ ಒಂಬತ್ತು ಜನ ಇಲ್ಲ ಅಂತ ಬರೆದರು. ಆ ಮಕ್ಕಳು ಆ ಹತ್ತು ನಿಮಿಷ ಗಿಡಗಳಿಗೆ ನೀರು ಹಾಕುತ್ತಾರೆ. ಈಗ ಪ್ರಾರ್ಥನೆಗೆ ನಿಲ್ಲುವ ಮಕ್ಕಳಿಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಮುಂಜಾನೆ ಐದಕ್ಕೇ ಕ್ಯಾಂಪಿನಿಂದ ಫೋನು. ಮಕ್ಕಳನ್ನು ಕಳಿಸಬೇಕೋ ಬೇಡವೋ ಅಂತ ಕೇಳುತ್ತಾರೆ ಅಂದುಕೊಂಡೆ. ಭಾನುವಾರ ಅದು, ಆಮೇಲೆ ನೆನಪಾಯಿತು. ಅವರು ಕೇಳಿದ್ದು ಬೇರೆ: "ಮೇಡಂ, ನೀರ್ ಖಾಲಿ ಆದ್ರ ನಮ್ಮನ್ನ ಭತ್ತದ ಕಾಲಂನಿಂದ ಕೂಲಿಗೆ ಬರ್ಕೋತೀರೇನು?" ಚರ್ಚಿನಿಂದ ಬಂದು ಪುಸ್ತಕ ತೆರೆದು ಕೂತೆ. 94 ಮಕ್ಕಳ ಹೆಸರು ಆ ಕಾಲಂನಲ್ಲಿತ್ತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಿದರು, ಮಳೆ ಬಂತು, ಭತ್ತ ಉಳಿಯಿತು. ಅಂದಿನಿಂದ ಕಾಲಂಗಳಲ್ಲಿ ಹೆಸರನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಈಗ ಎಂಟನೇ ತರಗತಿ ಬೇಕು ಅನ್ನೋ ಗಲಾಟೆ ಶುರುವಾಗಿದೆ. ಪರ್ಮಿಷನ್ ಇಲ್ಲದೆ ಆಗಲ್ಲ, ಪರ್ಮಿಷನ್ ಬೇಕಾದರೆ ಇನ್ನೂ ಜಾಗ ಬೇಕು ಅಂತ ಹೇಳಿ ಕಳಿಸುತ್ತಿದ್ದೆ. ಹೋದ ತಿಂಗಳು ಹತ್ತಿ ಕಾಲಂನ ಒಬ್ಬ ತಂದೆ ಆಫೀಸಿಗೆ ಬಂದು ಕೂತರು. ಶಾಲೆಗೆ ಹತ್ತಿಕೊಂಡೇ ಅವರ ಹೊಲ ಇದೆ. ಅರ್ಧ ಎಕರೆ ಕೊಡ್ತೀನ್ರಿ ಅಂದರು. ಪೇಪರಿನಲ್ಲಿ ಬರೆದುಕೊಡ್ತೀರಾ ಅಂದೆ. ಸ್ವಲ್ಪ ಯೋಚಿಸಿದರು. ಟೇಬಲ್ ಮೇಲಿದ್ದ ಕೆಂಪು ಪುಸ್ತಕದ ಕಡೆ ನೋಡಿದರು.

"ಒಮ್ಮೆಲೇ ಆಗಂಗಿಲ್ರಿ ಮೇಡಂ. ಕಂತಿನಾಗ ಕೊಡಲೇನು?"