ಗುತ್ತಿನ ಮನೆಯಲ್ಲೊಂದು ಕಾಳಗ: ಆನ್‌ಲೈನ್ ಆಟಕ್ಕೆ ಬ್ಯಾಟಲ್ ಮ್ಯಾಪ್ ಮಾಡುವುದು ಹೇಗೆ?

ಒಬ್ಬರು ಮಂಗಳೂರಿನಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ದುಬೈಯಲ್ಲಿ ಕೂತು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಆಡುವ ಕಥೆಯಾಟ) ಆಡುವಾಗ ಎಲ್ಲರ ಕಣ್ಣೆದುರು ಇರುವುದು ಕಾಳಗದ ಜಾಗದ ಒಂದೇ ನಕ್ಷೆ, ಅದೇ ಬ್ಯಾಟಲ್ ಮ್ಯಾಪ್. ರೋಲ್20, ಫೌಂಡ್ರಿ, ಔಲ್‌ಬೇರ್ ರೋಡಿಯೊ, ಈ ಆನ್‌ಲೈನ್ ಆಟದ ತಂತ್ರಾಂಶಗಳಲ್ಲಿ ಯಾವುದರಲ್ಲಿ ಆಡಿದರೂ ಸರಿ, ಚಿತ್ರ ಬಿಡಿಸಲು ಕೂರುವ ಮೊದಲು ಚೌಕ ಎಣಿಸಿ. ಮುಂದಿನ ಹೆಚ್ಚಿನ ತಾಪತ್ರಯಗಳು ಈ ಲೆಕ್ಕ ಬಿಟ್ಟದ್ದರಿಂದಲೇ ಹುಟ್ಟುತ್ತವೆ.

ಉದಾಹರಣೆಗೆ ಉಡುಪಿ ಕಡೆಯ ಒಂದು ಗುತ್ತಿನ ಮನೆಯನ್ನೇ (ಹಿಂದಿನ ಪ್ರತಿಷ್ಠಿತ ಮನೆತನದ ದೊಡ್ಡ ಮನೆ) ತೆಗೆದುಕೊಳ್ಳೋಣ. ಎದುರಿಗೆ ಅಂಗಳ, ಕೆತ್ತನೆ ಕಂಬಗಳ ಚಾವಡಿ, ಒಳಗೆ ಕೋಣೆಗಳು, ಬದಿಗೆ ಬಾವಿ, ಹಿಂದೆ ಹಟ್ಟಿ.

ಚೌಕದ ಲೆಕ್ಕ

ಒಂದು ಚೌಕಕ್ಕೆ 5 ಅಡಿ. ಮನುಷ್ಯ ಪಾತ್ರ ಒಂದು ಸರದಿಗೆ 30 ಅಡಿ, ಅಂದರೆ 6 ಚೌಕ ನಡೆಯುತ್ತದೆ. ನಿಜವಾದ ಮನೆಯ ಅಳತೆಯನ್ನು ಹಾಗೇ ಇಳಿಸಿದರೆ 10×12 ಅಡಿಯ ಕೋಣೆ ಎರಡು ಚೌಕ ಅಗಲಕ್ಕೆ ಮುಗಿಯುತ್ತದೆ. ನಾಲ್ಕು ಆಟಗಾರರು, ಮೂರು ಗೋಬ್ಲಿನ್‌ಗಳು ಅಲ್ಲಿ ನಿಲ್ಲುವುದಕ್ಕೂ ಆಗದು. ಹಾಗಾಗಿ ಒಳಕೋಣೆಗಳನ್ನು ಒಂದೂವರೆಯಿಂದ ಎರಡು ಪಟ್ಟು ಹಿಗ್ಗಿಸಿ. ಬಾಗಿಲಿಗೆ ಪೂರ್ತಿ ಒಂದು ಚೌಕ ಕೊಡಿ. ಮನೆ ನೋಡಿದವರು ‘ಇಷ್ಟು ದೊಡ್ಡ ಬಾಗಿಲು ಎಲ್ಲುಂಟು ಮಾರಾಯ್ರೆ’ ಎಂದರೂ ಚಿಂತೆಯಿಲ್ಲ.

ಗುಂಪಿನಲ್ಲಿ ಮಾಂತ್ರಿಕರಿದ್ದರೆ ಚಾವಡಿಯ ಅಳತೆ ಅವರ ಮಂತ್ರಗಳ ಮೇಲೆ ನಿಲ್ಲುತ್ತದೆ. ಬೆಂಕಿಯುಂಡೆಯ ಮಂತ್ರ ಫೈರ್‌ಬಾಲ್‌ನ ತ್ರಿಜ್ಯ 20 ಅಡಿ. ಅಡ್ಡಳತೆ 8 ಚೌಕ. 8×5ರ ಚಾವಡಿಯನ್ನು ಅದು ಬಹುತೇಕ ಪೂರ್ತಿ ಒಂದೇ ಬಾರಿಗೆ ನುಂಗುತ್ತದೆ, ಓಡಿ ತಪ್ಪಿಸಿಕೊಳ್ಳಲು ಹೆಚ್ಚು ಜಾಗವಿಲ್ಲ. 12×6 ಮಾಡಿದರೆ ಎಲ್ಲಿ ಎಸೆಯಬೇಕು ಎಂದು ಯೋಚಿಸಲೇಬೇಕಾಗುತ್ತದೆ. ಶಾರ್ಟ್‌ಬೋ ಬಾಣಕ್ಕೆ 80 ಅಡಿ, ಅಂದರೆ 16 ಚೌಕ ಬೇಕು. ಅಂಗಳದ ಉದ್ದ ಅದಕ್ಕಿಂತ ಕಡಿಮೆ ಬೇಡ. ಎಲ್ಲ ಸೇರಿ 30×24 ಚೌಕ ಸಾಕು. ಮಕ್ಕಳ ಗಣಿತದ ಚೌಕುಳಿ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಮೊದಲು ಗೀಚಿಕೊಳ್ಳಿ.

ಪಿಕ್ಸೆಲ್

ಫೌಂಡ್ರಿಯಲ್ಲಿ ಚೌಕಕ್ಕೆ 100 ಪಿಕ್ಸೆಲ್, ರೋಲ್20ಯಲ್ಲಿ 70 ಎಂಬುದು ಮೊದಲೇ ಇರುವ ಅಳತೆ. ನಮ್ಮ ಮ್ಯಾಪ್ ಫೌಂಡ್ರಿಗಾದರೆ 3000×2400, ರೋಲ್20ಗಾದರೆ 2100×1680. ಹಿಗ್ಗಿಸಿ ನೋಡಿದಾಗ ಮಸುಕಾಗಬಾರದೆಂದರೆ ರೋಲ್20ಗೆ ಎರಡು ಪಟ್ಟು, ಚೌಕಕ್ಕೆ 140, ಇಟ್ಟುಕೊಳ್ಳಬಹುದು. ಚಿತ್ರ ಬಿಡಿಸುವ ಕ್ರಿಟಾ, ಜಿಂಪ್ ತಂತ್ರಾಂಶಗಳೆರಡೂ ಉಚಿತ. ಮ್ಯಾಪಿಗೆಂದೇ ಇರುವ ಡಂಜನ್‌ಡ್ರಾಫ್ಟ್‌ಗೆ ದುಡ್ಡು ಕೊಡಬೇಕು, ಆದರೆ ಗೋಡೆ ಮತ್ತು ದೀಪಗಳ ಮಾಹಿತಿಯೂ ಚಿತ್ರದ ಜತೆಗೇ ಒಂದೇ ಫೈಲಿನಲ್ಲಿ ಬರುತ್ತದೆ. ಅದನ್ನು ಫೌಂಡ್ರಿಗೆ ತರಲು ಒಂದು ಮಾಡ್ಯೂಲ್ (ಹೆಚ್ಚುವರಿ ಸೇರ್ಪಡೆ) ಹಾಕಿಕೊಳ್ಳಬೇಕು.

ಚಿತ್ರದೊಳಗೆ ಚೌಕಗಳ ಗ್ರಿಡ್ ಗೆರೆ ಎಳೆಯಬೇಡಿ, ಅದನ್ನು ತಂತ್ರಾಂಶವೇ ಎಳೆಯಲಿ. ಬೇರೆಯವರ ಮ್ಯಾಪಿನಲ್ಲಿ ಗೆರೆ ಮೊದಲೇ ಇದ್ದರೆ ತಕರಾರು ಶುರು. 30 ಚೌಕದ ಚಿತ್ರ 2133 ಪಿಕ್ಸೆಲ್ ಅಗಲವಿದ್ದರೆ ಚೌಕಕ್ಕೆ 71.1 ಆಯಿತು. ಗ್ರಿಡ್ 70ಕ್ಕೆ ಇಟ್ಟರೆ ಎಡಗಡೆ ಸರಿಯಾಗಿಯೇ ಕಾಣುತ್ತದೆ, ಬಲತುದಿಗೆ ಬರುವಾಗ 33 ಪಿಕ್ಸೆಲ್ ಜಾರಿ ಟೋಕನ್ (ಪಾತ್ರವನ್ನು ತೋರಿಸುವ ಗುರುತು) ಅರ್ಧ ಗೋಡೆಯೊಳಗೆ ನಿಂತಿರುತ್ತದೆ. ಗ್ರಿಡ್ ಜತೆ ಗುದ್ದಾಡುವ ಬದಲು ಚಿತ್ರವನ್ನೇ 2100ಕ್ಕೆ ಇಳಿಸಿ.

ಉಳಿಸುವಾಗ ವೆಬ್‌ಪಿ, ಅಥವಾ 80–85 ಗುಣಮಟ್ಟದ ಜೆಪೆಗ್. ಪಿಎನ್‌ಜಿ ಸುಮ್ಮನೆ ಭಾರ. ಇಲ್ಲಿ ಒಂದು ಮೋಸ ಉಂಟು: ಫೈಲ್ ಚಿಕ್ಕದಾದ ಮಾತ್ರಕ್ಕೆ ಗ್ರಾಫಿಕ್ಸ್ ಮೆಮೊರಿಯ ಹೊರೆ ಇಳಿಯುವುದಿಲ್ಲ. ತೆರೆದಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಬೇಕು. 3000×2400 ಚಿತ್ರಕ್ಕೆ ಸುಮಾರು 29 ಎಂಬಿ. 8000×8000 ಆದರೆ 256. ಹಳೆಯ ಲ್ಯಾಪ್‌ಟಾಪ್‌ನವರಿಗೆ ಕಪ್ಪು ಪರದೆ ಬರುವುದು ಹೀಗೆ.

ಗೋಡೆ, ಕಂಬ, ಬಾವಿ

ಕೆಂಪುಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ ಎಂದರೆ ಫೌಂಡ್ರಿಯ ಲೆಕ್ಕಕ್ಕೆ 30 ಪಿಕ್ಸೆಲ್. ತಂತ್ರಾಂಶದಲ್ಲಿ ದೃಷ್ಟಿ ತಡೆಯುವ ಗೆರೆಯನ್ನು ಆ ದಪ್ಪದ ನಡುವೆ ಎಳೆಯಿರಿ. ಒಳ ಅಂಚಿನಲ್ಲಿ ಎಳೆದರೆ ಆಟಗಾರರಿಗೆ ಕಲ್ಲೇ ಕಾಣದೆ ಕೋಣೆ ಕತ್ತಲೆಯಲ್ಲಿ ತೇಲಿದಂತಿರುತ್ತದೆ. ಕಂಟ್ರೋಲ್ ಕೀಲಿ ಒತ್ತಿ ಹಿಡಿದರೆ ಗೆರೆಗಳು ಸರಪಳಿಯಾಗಿ ಬೆಸೆದು ಬರುತ್ತವೆ. ಮೂಲೆಯಲ್ಲಿ ಒಂದೆರಡು ಪಿಕ್ಸೆಲ್ ಸಂದು ಉಳಿದರೂ ಪಕ್ಕದ ಕೋಣೆಯ ಬೆಳಕು ಸೂಜಿಯಂತೆ ತೂರುತ್ತದೆ, ಅಡಗಿ ಕೂತ ಶತ್ರುವಿನ ಗುಟ್ಟು ರಟ್ಟು.

ಚಾವಡಿಯ ಕಂಬಕ್ಕೆ ಮಾಮೂಲಿ ಗೋಡೆ ಬೇಡ, ‘ಟೆರೇನ್ ವಾಲ್’ ಸುತ್ತಿ. ಆಗ ಕಂಬವೂ ಕಾಣುತ್ತದೆ, ಅದರ ಹಿಂದಿನದು ಮರೆಯಾಗುತ್ತದೆ. ಬಾವಿಕಟ್ಟೆಗೆ ‘ಇನ್ವಿಸಿಬಲ್ ವಾಲ್’: ದಾಟಲು ಬಿಡದು, ನೋಡಲು ಬಿಡುತ್ತದೆ. ಅದಕ್ಕೆ ತದ್ವಿರುದ್ಧ ‘ಇಥೀರಿಯಲ್ ವಾಲ್’. ಯಕ್ಷಗಾನದ ತೆರೆಯಂಥ ಬಟ್ಟೆ ಅಡ್ಡ ಕಟ್ಟಿದ್ದರೆ ಅದೇ ಸರಿ.

ಹಂಚಿನ ಮಾಡನ್ನು ಬೇರೆ ಚಿತ್ರವಾಗಿ ಮಾಡಿ ಮೇಲಿನ ಪದರದಲ್ಲಿಡಿ. ಟೋಕನ್ ಒಳಹೊಕ್ಕಾಗ ಮಾಡು ಮಾಯವಾಗುತ್ತದೆ. ಇದಕ್ಕೆ ವೆಬ್‌ಪಿ ಅಥವಾ ಪಿಎನ್‌ಜಿಯೇ ಬೇಕು. ಜೆಪೆಗ್‌ನಲ್ಲಿ ಪಾರದರ್ಶಕತೆ ಇಲ್ಲ, ಮಾಡಿನ ಸುತ್ತ ಬಿಳಿ ಚೌಕಟ್ಟು ಕೂರುತ್ತದೆ.

ಬೆಳಕು

ರಾತ್ರಿಯ ಕಾಳಗವಾದರೂ ಮ್ಯಾಪನ್ನು ಹಗಲಿನ ಬಣ್ಣದಲ್ಲೇ ಬಿಡಿಸಿ. ಚಿತ್ರವೇ ಕಪ್ಪಾಗಿದ್ದು ಅದರ ಮೇಲೆ ತಂತ್ರಾಂಶದ ಕತ್ತಲೆಯೂ ಸೇರಿದರೆ ದೀಪ ಹಚ್ಚಿದರೂ ಏನೂ ಕಾಣದು. ಪಂಜಿಗೆ 20 ಅಡಿ ಪೂರ್ಣ ಬೆಳಕು, ಅದರಾಚೆ ಇನ್ನು 20 ಅಡಿ ಮಬ್ಬು. ಫೌಂಡ್ರಿಯಲ್ಲಿ ಪೂರ್ಣ ಬೆಳಕಿಗೆ (ಬ್ರೈಟ್) 20, ಮಬ್ಬಿಗೆ (ಡಿಮ್) 40 ಎಂದು ತುಂಬಬೇಕು, ಮಬ್ಬಿನದು ಒಟ್ಟು ದೂರ.

ಆಟದ ಮುಂಚೆ

ಬೇರೆ ಬ್ರೌಸರಿನಲ್ಲಿ ಆಟಗಾರರಾಗಿ ಒಳಹೋಗಿ ಟೋಕನನ್ನು ಪ್ರತಿ ಕೋಣೆಗೂ ನಡೆಸಿ. ಆಟ ನಡೆಸುವ ಗೇಮ್ ಮಾಸ್ಟರ್‌ಗೆ ಎಲ್ಲವೂ ಕಾಣುವುದರಿಂದ ಅವರ ಪರದೆಯಲ್ಲಿ ನೋಡಿ ಪ್ರಯೋಜನವಿಲ್ಲ. ಫೌಂಡ್ರಿಯನ್ನು ಮನೆಯ ಕಂಪ್ಯೂಟರಿನಿಂದಲೇ ನಡೆಸುವವರು ಅಪ್‌ಲೋಡ್ ವೇಗ ನೋಡಿಕೊಳ್ಳಬೇಕು: 8 ಎಂಬಿ ಮ್ಯಾಪ್ ಐದು ಜನರಿಗೆ ಹೋಗಲು 40 ಎಂಬಿ, ಸೆಕೆಂಡಿಗೆ 10 ಮೆಗಾಬಿಟ್ ಸಂಪರ್ಕದಲ್ಲಿ ಅರ್ಧ ನಿಮಿಷ. ಆಟಿಯ ಮಳೆಯಲ್ಲಿ ಅದೂ ನೆಚ್ಚುವಂತಿಲ್ಲ. ಮುಂದಿನ ಮ್ಯಾಪಿನ ದೃಶ್ಯದ (ಸೀನ್) ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರೀಲೋಡ್’ ಒತ್ತಿಬಿಟ್ಟರೆ, ಆಟಗಾರರು ಅಂಗಳದಲ್ಲಿ ಮಾತಾಡುತ್ತಿರುವಾಗಲೇ ಮುಂದಿನ ಮ್ಯಾಪ್ ಅವರ ಕಂಪ್ಯೂಟರಿಗೆ ಇಳಿದಿರುತ್ತದೆ.