ಅಳತೆ ಪುಸ್ತಕದ ಹಿಂದಿನ ಪುಟಗಳು

ಬೆಟಗೇರಿಯಲ್ಲಿ ನನ್ನದು ಹೊಲಿಗೆ ಕೆಲಸ. ಜಂಪರ್ ಹೊಲಿಯುತ್ತೇನೆ, ಸೀರೆಗೆ ಫಾಲ್, ಪಿಕೊ ಹಾಕುತ್ತೇನೆ. 2024ರ ಶ್ರಾವಣದಲ್ಲಿ ಪಿಕೊ ಮಷೀನಿಗಂತ ಸಂಘದ ಸಾಲ ತೆಗೆದೆ, ಅಂದರೆ ಹೆಂಗಸರ ಗುಂಪು ಮಾಡಿ ಮೈಕ್ರೋಫೈನಾನ್ಸ್ ಕಂಪನಿ ಕೊಡುವ ಸಾಲ. 50,000 ರೂಪಾಯಿ, ವಾರಕ್ಕೆ 600ರಂತೆ 104 ಕಂತು. ನಲವತ್ತು ಕಂತು ಒಂದೂ ತಪ್ಪಲಿಲ್ಲ. ಆಮೇಲೆ ಪ್ರೆಸ್ಸಿನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಹುಬ್ಬಳ್ಳಿ ಕಿಮ್ಸ್‌ನಲ್ಲಿ ಆಪರೇಷನ್ ಆಯಿತು, ಮೂರು ತಿಂಗಳು ಪಗಾರ ಇಲ್ಲ. ಐದು ಕಂತು ತಪ್ಪಿದವು.

ಆಗ ನಾನು ಮಾಡಿದ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ದುಡ್ಡಿಲ್ಲ ಅಂತ ನಾಚಿಕೆಯಾಗಿ ವಾರದ ಮೀಟಿಂಗಿಗೆ ಹೋಗುವುದನ್ನೇ ಬಿಟ್ಟೆ. ಈ ಸಾಲಗಳಿಗೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕಂತು ವಸೂಲಿ ಸಾಲಗಾರ, ಕಂಪನಿ ಇಬ್ಬರೂ ಒಪ್ಪಿದ ಜಾಗದಲ್ಲೇ ಆಗಬೇಕು. ಸಾಲಗಾರ ಸತತ ಎರಡು ಸಲ ಅಥವಾ ಹೆಚ್ಚು ಅಲ್ಲಿಗೆ ಬರದಿದ್ದರೆ ಮಾತ್ರ ಕಂಪನಿಯವರು ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಅಂದರೆ ಬರಿಗೈಯಲ್ಲಾದರೂ ಮೀಟಿಂಗಿಗೆ ಹೋಗಿ ಕೂತಿದ್ದರೆ ಅವರಿಗೆ ನನ್ನ ಬಾಗಿಲಿಗೆ ಬರುವ ದಾರಿಯೇ ಇರುತ್ತಿರಲಿಲ್ಲ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಮೂರನೇ ವಾರ ರಾತ್ರಿ ಎಂಟಕ್ಕೆ ಇಬ್ಬರು ಬಂದರು. ಒಬ್ಬ ಕಟ್ಟೆ ಮೇಲೆ ಕೂತ, ಇನ್ನೊಬ್ಬ ಓಣಿಗೆಲ್ಲ ಕೇಳುವ ಹಾಗೆ ಶುರು ಮಾಡಿದ. "ಕಟ್ಟಾಕ ಆಗಾಂಗಿಲ್ಲ ಅಂದ್ರ ಸಾಲ ಯಾಕ ತಗೊಂಡ್ರಿ ಅಕ್ಕಾರ? ಮಷೀನ್ ಎತ್ತಿಕೊಂಡು ಹೊಕ್ಕೀವಿ ನೋಡ್ರಿ." ಒಳಗೆ ಯಜಮಾನರು ಕಾಲಿಗೆ ರಾಡ್ ಹಾಕಿಸಿಕೊಂಡು ಮಲಗಿದ್ದರು. ಮಗಳು ಪುಸ್ತಕ ಮುಚ್ಚಿ ಮೂಲೆಗೆ ಸರಿದಳು. ಆ ರಾತ್ರಿ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಮರುದಿನ ಬೆಳಿಗ್ಗೆ ಟ್ರಂಕಿನಿಂದ ಸಾಲದ ಕಾರ್ಡ್ ತೆಗೆದು ಮೊದಲ ಸಲ ಪೂರ್ತಿ ಓದಿದೆ. ಅದು ಕನ್ನಡದಲ್ಲೇ ಇತ್ತು. ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು ಅನ್ನುವುದೂ ನಿಯಮವೇ. ಹಿಂಬದಿಯಲ್ಲಿ ದೂರು ಕೇಳುವ ಅಧಿಕಾರಿಯ ಹೆಸರು, ಫೋನ್ ನಂಬರ್ ಇದ್ದವು. ಇಷ್ಟು ದಿನ ಆ ಕಾರ್ಡಿನಲ್ಲಿ ನಾನು ನೋಡುತ್ತಿದ್ದದ್ದು ಕಂತಿನ ಸಹಿ ಒಂದನ್ನೇ. ಕಾರ್ಡ್ ಹಿಡಿದು ಗದಗದ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಎಲ್ಲಿ ಅಂತ ಕೇಳಿದೆ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ, ಆದಾಯ ಎಷ್ಟು ಅಂತ ನೋಡುವುದಿಲ್ಲ. ಹೋಗಲಾಗದವರು 15100ಕ್ಕೆ ಫೋನ್ ಮಾಡಬಹುದು.

ಅಲ್ಲಿನ ವಕೀಲರು ಕಾರ್ಡ್ ತಿರುವಿ ನೋಡಿ ಮೊದಲು ಹೇಳಿದ್ದು ಮಷೀನಿನ ಮಾತು. ಇದು ಅಡವಿಲ್ಲದ ಸಾಲ, ಇದಕ್ಕಾಗಿ ಮಷೀನನ್ನಾಗಲಿ ಸಿಲಿಂಡರನ್ನಾಗಲಿ ಯಾರೂ ಮನೆಯಿಂದ ಎತ್ತುವಂತಿಲ್ಲ ಅಂದರು. ಕೇಳಿ ನನಗೆ ಅಳು ಬಂತು. ಉಳಿದದ್ದನ್ನು ಅವರು ಹೇಳುತ್ತಾ ಹೋದ ಹಾಗೆ ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಸಂಘದ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಇಲ್ಲ, ಬರುವುದೂ ಇಲ್ಲ. ಬೇರೆ ಸಾಲಗಳಿಗೆ ಬೆಳಿಗ್ಗೆ 8ರಿಂದ ಸಂಜೆ 7ರ ವರೆಗೆ ಫೋನ್ ಮಾಡಬಹುದು. ಬೈಯುವುದು, ಬೆದರಿಸುವುದು, ಮೇಲಿಂದ ಮೇಲೆ ಫೋನ್ ಮಾಡಿ ಕಾಡುವುದು, ನೆಂಟರನ್ನೋ ಜೊತೆಗೆ ಕೆಲಸ ಮಾಡುವವರನ್ನೋ ಪೀಡಿಸುವುದು, ಯಾವುದೂ ನಡೆಯುವುದಿಲ್ಲ. ಏಜೆಂಟ್ ಬಂದರೆ ಗುರುತಿನ ಚೀಟಿ ಮತ್ತು ಕಂಪನಿ ಕೊಟ್ಟ ಅಧಿಕಾರ ಪತ್ರ ತೋರಿಸಬೇಕು. ಅವ ಹೊರಗಿನ ಏಜೆನ್ಸಿಯವ ಅಂತ ಕಂಪನಿ ಕೈ ತೊಳೆದುಕೊಳ್ಳುವಂತಿಲ್ಲ, ಅವನ ನಡತೆಗೆ ಕಂಪನಿಯೇ ಹೊಣೆ.

ಆ ಹೊತ್ತಿಗೆ ಓಣಿಯಲ್ಲಿ ಒಂದು ಸುದ್ದಿ ಜೋರಾಗಿತ್ತು: "ಸರ್ಕಾರ ಎಲ್ಲಾ ಸಾಲ ಮನ್ನಾ ಮಾಡೇತಿ, ಯಾರೂ ಕಟ್ಟಬ್ಯಾಡ್ರಿ." ಅದನ್ನೂ ಕೇಳಿದೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆಯಾಗಿ ತಂದು, ಆಮೇಲೆ ಕಾಯ್ದೆ ಮಾಡಿದ ಕಾನೂನಿನಲ್ಲಿ ಕಿರುಕುಳಕ್ಕೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ಆದರೆ ಸಾಲ ತೀರಿತು ಅನ್ನುವ ಮಾತು ಅದರಲ್ಲಿ ಇರುವುದು ನೋಂದಣಿಯೇ ಇಲ್ಲದೆ ಬಡವರಿಗೆ ಸಾಲ ಕೊಟ್ಟವರಿಗೆ. ನನ್ನದು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿ, ಆ ಸಾಲ ಹಾಗೇ ಇದೆ. ಮನ್ನಾ ಸುದ್ದಿ ನಂಬಿ ಕಂತು ನಿಲ್ಲಿಸಿದವರ ಹೆಸರು ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಕಡೆ ಕೆಟ್ಟು, ಮುಂದೆ ಯಾವ ಬ್ಯಾಂಕೂ ಹತ್ತಿರ ಸೇರಿಸುವುದಿಲ್ಲ. ಇದನ್ನು ನಾನು ಓಣಿಯಲ್ಲಿ ಹೇಳಿದಾಗ ಕೆಲವರು ನನ್ನ ಮೇಲೆ ಸಿಟ್ಟಾದರು. ಆದರೂ ಹೇಳಿದೆ. ಪಡೆದ ದುಡ್ಡು ಕೊಡಬೇಕು. ಕೊಡುವುದು ತಡವಾದರೆ ಬೈಸಿಕೊಳ್ಳಬೇಕು ಅಂತ ಎಲ್ಲೂ ಬರೆದಿಲ್ಲ.

ಮುಂದಿನ ಸಲ ಅವರು ಬಂದದ್ದು ಸಂಜೆ ಏಳಕ್ಕೆ. ಎದೆ ಹೊಡೆದುಕೊಳ್ಳುತ್ತಿತ್ತು. ಬಾಗಿಲಲ್ಲಿ ನಿಂತು ಅಳತೆ ಪುಸ್ತಕ ತೆರೆದೆ. "ತಮ್ಮಾ, ನಿನ್ನ ಹೆಸರು ಹೇಳು, ಗುರುತಿನ ಚೀಟಿ ತೋರಸು. ಈಗ ಏಳು ಗಂಟೆ ಆಗೇತಿ, ಬರಕೊಳ್ಳಾಕತ್ತೀನಿ." ಅವ ಚೀಟಿ ಗಾಡಿಯಲ್ಲಿದೆ ಅಂದ. ತರಲು ಹೋದವ ವಾಪಸ್ ಬರಲಿಲ್ಲ. ತಾರೀಖು, ಹೊತ್ತು, ಆಡಿದ ಮಾತು, ಪಕ್ಕದಲ್ಲಿ ಯಾರಿದ್ದರು, ಎಲ್ಲವನ್ನೂ ಆವತ್ತೇ ಬರೆದೆ. ನಾಳೆ ಬರೆದರಾಯಿತು ಅಂದರೆ ಮಾತು ಮರೆತು ಸಿಟ್ಟು ಮಾತ್ರ ಉಳಿಯುತ್ತದೆ.

ನಿಜವಾಗಿ ಕಠಿಣವಾಗಿದ್ದದ್ದು ಏಜೆಂಟರಲ್ಲ, ನಮ್ಮ ಗುಂಪು. ಒಬ್ಬರ ಕಂತು ಬರದಿದ್ದರೆ ಉಳಿದವರನ್ನು ಮೀಟಿಂಗಿನಿಂದ ಏಳಗೊಡುವುದಿಲ್ಲ. ರೊಟ್ಟಿ ಬಡಿಯುವುದು ಬಿಟ್ಟು, ಕೂಲಿ ಬಿಟ್ಟು ಹೆಂಗಸರು ಗಂಟೆಗಟ್ಟಲೆ ಕೂರುತ್ತಾರೆ. ಕೊನೆಗೆ ಸಿಟ್ಟೆಲ್ಲ ಕಂತು ಕಟ್ಟದವಳ ಮೇಲೆ. ಹದಿನೈದು ವರ್ಷ ಒಂದೇ ನಳದಲ್ಲಿ ನೀರು ಹಿಡಿದ ಲೀಡರ್ ಅಕ್ಕ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಅವರ ಸಂಕಟ ನನಗೆ ಗೊತ್ತಿತ್ತು, ನನ್ನ ಪಾಲಿಗೆ ಅವರೇ 300 ರೂಪಾಯಿ ಹಾಕಿದ್ದರು. ಅವರ ಮನೆಗೆ ಹೋಗಿ ಮೊದಲು ಆ 300 ಕೊಟ್ಟೆ. ಆಮೇಲೆ ಸೋಮವಾರದ ಮೀಟಿಂಗಿಗೆ ಹೋಗಿ ಎಲ್ಲರೆದುರು ಲೆಕ್ಕ ಬಿಚ್ಚಿಟ್ಟೆ: ದಿನಕ್ಕೆ ಎಷ್ಟು ಜಂಪರ್, ಔಷಧಿಗೆ ಎಷ್ಟು, ಉಳಿಯುವುದೆಷ್ಟು. ಇನ್ನು ಮೇಲೆ ವಾರಕ್ಕೆ 600ರ ಜೊತೆ 200 ಸೇರಿಸಿ ಕೊಡುತ್ತೇನೆ, ತಪ್ಪಿದ 3,000 ಹದಿನೈದು ವಾರದಲ್ಲಿ ಮುಗಿಯುತ್ತದೆ ಅಂದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಲೀಡರ್ ಅಕ್ಕನೇ ಅಂದರು, "ಬರದು ಕೊಡು, ನಾವೂ ಸಹಿ ಮಾಡ್ತೀವಿ."

ಆ ಪತ್ರ ಒಂದೇ ಹಾಳೆ. ಸಾಲದ ನಂಬರ್, ಯಜಮಾನರ ಆಪರೇಷನ್, ಏಜೆಂಟರು ಬಂದ ಎರಡು ದಿನದ ತಾರೀಖು, ಹೊತ್ತು, ಆಡಿದ ಮಾತು, ನಾನು ಕಟ್ಟಬಲ್ಲ ಮೊತ್ತ. ಜೊತೆಗೆ ಒಂದು ಪ್ರಶ್ನೆ: ಬಾಕಿ 3,000 ಇರುವಾಗ ನಿಮ್ಮವರು 3,900 ಕೇಳಿದ್ದಾರೆ, ಆ 900 ಸಾಲದ ಫ್ಯಾಕ್ಟ್ ಶೀಟಿನಲ್ಲಿ ಎಲ್ಲಿದೆ? ಬಡ್ಡಿ, ಶುಲ್ಕ ಎಲ್ಲ ಬರೆದು ಕಂಪನಿ ಕೊಡುವ ಆ ಫ್ಯಾಕ್ಟ್ ಶೀಟಿನಲ್ಲಿ ನಮೂದಿಸದ ಯಾವ ಮೊತ್ತವನ್ನೂ ಸಾಲಗಾರರಿಂದ ವಸೂಲು ಮಾಡುವಂತಿಲ್ಲ. ಶಾಖೆಯಲ್ಲಿ ಪತ್ರ ತೆಗೆದುಕೊಂಡರು, ಮುಟ್ಟಿದೆ ಅಂತ ಸಹಿ ಸಿಕ್ಕಾ ಹಾಕಲು ಮಾತ್ರ ಒಪ್ಪಲಿಲ್ಲ. ವಾದ ಮಾಡದೆ ಇನ್ನೊಂದು ಪ್ರತಿಯನ್ನು ಕಾರ್ಡಿನಲ್ಲಿದ್ದ ಅಧಿಕಾರಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಪುಸ್ತಕಕ್ಕೆ ಅಂಟಿಸಿದೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಸರಿ ಕಾಣದಿದ್ದರೆ, ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 14448ರಲ್ಲಿ ಕನ್ನಡದಲ್ಲೇ ವಿಚಾರಿಸಬಹುದು. ಕಂಪನಿಗೆ ಕೊಡದೆ ನೇರ ಅಲ್ಲಿಗೆ ಹೋದರೆ ತೆಗೆದುಕೊಳ್ಳುವುದಿಲ್ಲ, ಆ ರಸೀದಿ ಬೇಕಾಗುವುದು ಅದಕ್ಕೇ.

ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಹದಿನೇಳನೇ ದಿನ ಫೋನ್ ಬಂತು, ಮಧ್ಯಾಹ್ನ ಹನ್ನೆರಡಕ್ಕೆ. 900 ತೆಗೆದಿದ್ದೇವೆ, 800ರಂತೆ ಕಟ್ಟಿ ಅಂದರು. ಬರವಣಿಗೆಯಲ್ಲಿ ಕಳಿಸಿ ಅಂದೆ. ನಾಲ್ಕು ದಿನಕ್ಕೆ ಪತ್ರ ಬಂತು. ಓಣಿಯಲ್ಲಿ ಆಡಿದ ಮಾತಿಗೆ ಕ್ಷಮೆ ಅದರಲ್ಲಿ ಇರಲಿಲ್ಲ. ಆ ನೋವು ಇನ್ನೂ ಇದೆ.

ತಪ್ಪಿದ ಕಂತುಗಳು ಮುಗಿದವು, ಸಾಲದ್ದು ಇನ್ನು 23 ಉಳಿದಿವೆ. ಹೋದ ವಾರ ಲೀಡರ್ ಅಕ್ಕ ಪಕ್ಕದ ಓಣಿಯ ಹುಡುಗಿಯೊಬ್ಬಳನ್ನು ಕರಕೊಂಡು ಬಂದಿದ್ದರು, ಕಂಕುಳಲ್ಲಿ ಕೂಸು. "ಇಕೀಗೂ ರಾತ್ರಿ ಬಂದಾರಂತ." ಕಾರ್ಡ್ ತಂದೀಯೇನವಾ ಅಂತ ಕೇಳಿದೆ. ಸೆರಗಿನಲ್ಲಿ ಮಡಚಿ ಇಟ್ಟುಕೊಂಡಿದ್ದಳು. ಮಷೀನಿನ ಮೇಲಿದ್ದ ಬಟ್ಟೆ ಸರಿಸಿ, ಅದನ್ನು ಬಿಡಿಸಿ ಹಿಂಬದಿಯಿಂದ ಓದತೊಡಗಿದೆವು.